ಹೊರದೇಶದ ದುಡಿಮೆಯ ಹಣದಲ್ಲಿ ವ್ಯಾಪಾರ: ಯಾವ ದಾರಿಯಲ್ಲಿ ತರಿಸುವುದು, ಯಾರ ಖಾತೆಗೆ ಹಾಕಿಸುವುದು?

ಮನೆಯ ಒಬ್ಬರು ಹೊರದೇಶದಲ್ಲಿ ದುಡಿಯುತ್ತಾರೆ. ತಿಂಗಳಿಗೊಮ್ಮೆ ಅವರಿಂದ ದುಡ್ಡು ಬರುತ್ತದೆ. ಅದರಲ್ಲಿ ಒಂದಿಷ್ಟು ಉಳಿಸಿ ಸಣ್ಣದೊಂದು ವ್ಯಾಪಾರ ಹಾಕೋಣ ಅನ್ನುವ ಯೋಚನೆ ಮನೆಯಲ್ಲಿರುವವರದ್ದು. ಇಂಥ ಮನೆಗಳು ಬಡ ದೇಶಗಳಲ್ಲಿ ಕೋಟಿಗಟ್ಟಲೆ ಇವೆ. ವಿಶ್ವಬ್ಯಾಂಕಿನ ಅಂದಾಜಿನ ಪ್ರಕಾರ 2024ರಲ್ಲಿ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಿಗೆ ವಲಸೆ ಹೋದವರು ಕಳಿಸಿದ ಹಣ ಸುಮಾರು 68,500 ಕೋಟಿ ಡಾಲರ್. ಆ ದೇಶಗಳಿಗೆ ಬರುವ ವಿದೇಶಿ ನೇರ ಹೂಡಿಕೆಗಿಂತ ಇದು ಜಾಸ್ತಿ. ಶ್ರೀಮಂತ ದೇಶಗಳ ಸರ್ಕಾರಗಳು ಕೊಡುವ ನೆರವಿಗಿಂತಲಂತೂ ಬಹಳ ಜಾಸ್ತಿ. ನೇಪಾಳದಲ್ಲಿ ಈ ದುಡ್ಡು ದೇಶದ ಒಟ್ಟು ಉತ್ಪನ್ನದ ಕಾಲುಭಾಗದ ಆಸುಪಾಸು. ತಜಿಕಿಸ್ತಾನದಲ್ಲಿ ಹತ್ತಿರ ಹತ್ತಿರ ಅರ್ಧ.

ಇಷ್ಟು ಬಂದರೂ ಬಂಡವಾಳವಾಗಿ ನಿಲ್ಲುವುದು ಸ್ವಲ್ಪವೇ. ಊಟ, ಬಾಡಿಗೆ, ಶಾಲೆ ಫೀಸು, ಆಸ್ಪತ್ರೆ, ಹಳೇ ಸಾಲ ಅಂತ ಬಹುಪಾಲು ಕರಗುತ್ತದೆ. ಅದರಲ್ಲಿ ತಪ್ಪೇನಿಲ್ಲ. ದುಡ್ಡು ಕಳಿಸುವುದೇ ಅದಕ್ಕೆ ಅಲ್ವಾ? ಆದರೆ ಉಳಿದದ್ದು ವ್ಯಾಪಾರಕ್ಕೆ ಆಗಬೇಕು ಅಂದರೆ, ದುಡ್ಡು ಬರುವ ದಾರಿಯನ್ನೇ ಬೇರೆ ಲೆಕ್ಕದಲ್ಲಿ ನೋಡಬೇಕಾಗುತ್ತದೆ.

ಹಣ ಕಳಿಸುವ ಆಪ್‌ಗಳ ಹೋಲಿಕೆ ಎಲ್ಲೆಲ್ಲೂ ಸಿಗುತ್ತದೆ. ಯಾವುದರಲ್ಲಿ ಕಮಿಷನ್ ಕಡಿಮೆ ಅನ್ನುವುದೇ ಅಲ್ಲಿನ ಮಾತು. ಮನೆ ಖರ್ಚಿಗೆ ತರಿಸುವವರಿಗೆ ಅಷ್ಟು ಸಾಕು. ವ್ಯಾಪಾರ ಹಾಕುವವರು ಇನ್ನೆರಡನ್ನು ಕೇಳಬೇಕು: ದುಡ್ಡು ಬಂದದ್ದಕ್ಕೆ ದಾಖಲೆ ಉಳಿಯುತ್ತದಾ? ಬಂದ ದುಡ್ಡು ವ್ಯಾಪಾರ ಮಾಡುವವರ ಹಿಡಿತದಲ್ಲೇ ಇರುತ್ತದಾ? ನನ್ನ ಕೇಳಿದರೆ, ಕಮಿಷನ್‌ನಲ್ಲಿ ಒಂದೆರಡು ಡಾಲರ್ ಹೆಚ್ಚು ಹೋದರೂ ಪರವಾಗಿಲ್ಲ, ಈ ಎರಡೂ ಸಿಗುವ ದಾರಿಯೇ ಮೇಲು.

ಮೊದಲು, ಈ ದುಡ್ಡನ್ನು ವ್ಯಾಪಾರಕ್ಕೆ ಹಾಕಬಹುದಾ?

ಹಾಕಿದ ಉದಾಹರಣೆಗಳು ಬೇಕಾದಷ್ಟಿವೆ. 1997ರ ಏಷ್ಯಾದ ಹಣಕಾಸು ಬಿಕ್ಕಟ್ಟಿನಲ್ಲಿ ಫಿಲಿಪ್ಪೀನ್ಸ್‌ನ ಪೆಸೊ ಕುಸಿಯಿತು. ಅಲ್ಲಿಂದ ಹೋದವರು ಹತ್ತಾರು ದೇಶಗಳಲ್ಲಿ ದುಡಿಯುತ್ತಿದ್ದರು. ದುಡಿಯುವ ದೇಶದ ಕರೆನ್ಸಿ ಪೆಸೊ ಎದುರು ಎಷ್ಟು ಏರಿತೋ, ಅವರವರ ಮನೆಗೆ ಬರುವ ಹಣವೂ ಅದಕ್ಕೆ ತಕ್ಕಂತೆ ಏರಿತು. ಅರ್ಥಶಾಸ್ತ್ರಜ್ಞ ಡೀನ್ ಯಾಂಗ್ ಈ ವ್ಯತ್ಯಾಸವನ್ನೇ ಹಿಡಿದು ಆ ಮನೆಗಳ ಲೆಕ್ಕ ತೆಗೆದರು. ಹೆಚ್ಚು ದುಡ್ಡು ಬಂದ ಮನೆಗಳಲ್ಲಿ ಮಕ್ಕಳು ದುಡಿಯುವುದು ತಗ್ಗಿತ್ತು, ಶಾಲೆಗೆ ಹೋಗುವುದು ಹೆಚ್ಚಿತ್ತು. ದೊಡ್ಡವರು ಸ್ವಂತ ಕಸುಬಿಗೆ ಕೊಡುವ ಹೊತ್ತು ಹೆಚ್ಚಿತ್ತು. ಸ್ವಲ್ಪ ದೊಡ್ಡ ಬಂಡವಾಳ ಬೇಡುವ ಕಸುಬುಗಳಿಗೂ ಅವರು ಇಳಿದಿದ್ದರು. ಮೆಕ್ಸಿಕೋದ ಪಟ್ಟಣಗಳಲ್ಲಿ ಸಣ್ಣ ವ್ಯಾಪಾರಗಳಿಗೆ ಬಿದ್ದ ಬಂಡವಾಳದಲ್ಲಿ ಸುಮಾರು ಐದನೇ ಒಂದು ಪಾಲು ಅಮೆರಿಕದಿಂದ ಬಂದ ದುಡಿಮೆಯ ಹಣ ಅಂತ ವುಡ್ರಫ್ ಮತ್ತು ಜೆಂಟೆನೊ ಲೆಕ್ಕ ಹಾಕಿದ್ದರು.

ಇದಕ್ಕೆ ಕಾರಣ ಸುಲಭವಾಗಿ ತಿಳಿಯುವಂಥದ್ದು. ಬ್ಯಾಂಕ್ ಸಾಲ ಕೊಡದ ಕಡೆ ಹೊರಗಿನ ದುಡ್ಡೇ ಬ್ಯಾಂಕಿನ ಕೆಲಸ ಮಾಡುತ್ತದೆ. ಜೊತೆಗೆ ಅದು ಧೈರ್ಯವನ್ನೂ ಕೊಡುತ್ತದೆ. ವ್ಯಾಪಾರ ಕೈಕೊಟ್ಟರೂ ಮುಂದಿನ ತಿಂಗಳ ಊಟಕ್ಕೆ ತೊಂದರೆ ಇಲ್ಲ ಅನ್ನುವ ಭರವಸೆ ಇದ್ದಾಗ ಮಾತ್ರ ಬಡವರು ಹೊಸದಕ್ಕೆ ಕೈ ಹಾಕುತ್ತಾರೆ. ಇದೇ ಭರವಸೆ ಕೆಲವು ಮನೆಗಳಲ್ಲಿ ಉಲ್ಟಾ ಹೊಡೆಯುವುದೂ ಉಂಟು. ತಿಂಗಳು ತಿಂಗಳು ಬರುತ್ತದಲ್ಲ ಅಂತ ಇದ್ದ ಕಸುಬನ್ನೂ ಬಿಟ್ಟು ಕೂರುತ್ತಾರೆ. ಕೂತು ಉಣ್ಣುವವರಿಗೆ ಕುಡಿಕೆ ಹೊನ್ನು ಸಾಲದು ಅಂತ ಹಿರಿಯರು ಅಂದದ್ದು ಸುಮ್ನೆ ಅಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಖಡಾಖಂಡಿತ. ಹೊರದೇಶಕ್ಕೆ ಹೋಗುವುದಕ್ಕೆ ಏಜೆಂಟನಿಗೆ ಕಟ್ಟಲು ಮಾಡಿದ ಬಡ್ಡಿ ಸಾಲ ತಲೆಮೇಲೆ ಇದ್ದರೆ, ಮೊದಲು ಅದನ್ನು ತೀರಿಸಿ. ವರ್ಷಕ್ಕೆ ಶೇ. 30 ಬಡ್ಡಿಯ ಸಾಲ ತೀರಿಸಿದರೆ, ಹಾಕಿದ ಹಣಕ್ಕೆ ಶೇ. 30 ಲಾಭ ಬಂದಂತೆಯೇ. ಅದೂ ನಷ್ಟದ ಭಯವಿಲ್ಲದೆ. ಹೊಸ ವ್ಯಾಪಾರದಲ್ಲಿ ಅಷ್ಟು ಖಾತ್ರಿಯ ಲಾಭವನ್ನು ಯಾರೂ ಬರೆದುಕೊಡುವುದಿಲ್ಲ.

ತರಿಸುವ ದಾರಿಗಳು: ಬ್ಯಾಂಕ್, ಕೌಂಟರ್, ಫೋನ್, ಹುಂಡಿ, ಕ್ರಿಪ್ಟೊ

200 ಡಾಲರ್ ಕಳಿಸುವುದಕ್ಕೆ ಜಗತ್ತಿನಲ್ಲಿ ಸರಾಸರಿ ಶೇ. 6ಕ್ಕಿಂತ ಹೆಚ್ಚು ಖರ್ಚಾಗುತ್ತದೆ ಅನ್ನುತ್ತದೆ ವಿಶ್ವಬ್ಯಾಂಕಿನ ಲೆಕ್ಕ. 2030ರೊಳಗೆ ಇದನ್ನು ಶೇ. 3ಕ್ಕಿಂತ ಕೆಳಗೆ ಇಳಿಸಬೇಕು ಅನ್ನುವುದು ವಿಶ್ವಸಂಸ್ಥೆಯ ಗುರಿ. ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾದ ದೇಶಗಳಿಗೆ ಕಳಿಸುವುದು ಎಲ್ಲಕ್ಕಿಂತ ದುಬಾರಿ. ದಾರಿಗಳಲ್ಲಿ ಬ್ಯಾಂಕ್ ದುಬಾರಿ, ಫೋನಿನಿಂದ ಫೋನಿಗೆ ಕಳಿಸುವುದು ಅಗ್ಗ.

ಆದರೆ ಈ ಖರ್ಚು ಕಮಿಷನ್ ಅಂತ ಬರೆದ ಕಡೆ ಪೂರ್ತಿ ಕಾಣುವುದಿಲ್ಲ. ಒಂದು ಲೆಕ್ಕ ಹಾಕಿ ನೋಡೋಣ. ಕಳಿಸುವುದು 200 ಡಾಲರ್. ಆ ದಿನ ಮಾರುಕಟ್ಟೆಯಲ್ಲಿ ಒಂದು ಡಾಲರ್‌ಗೆ ನಿಮ್ಮ ಕರೆನ್ಸಿಯಲ್ಲಿ 100 ಅಂತ ಇಟ್ಟುಕೊಳ್ಳಿ. ಮೊದಲನೆಯ ಸಂಸ್ಥೆ 'ಕಮಿಷನ್ ಇಲ್ಲವೇ ಇಲ್ಲ' ಅನ್ನುತ್ತದೆ, ಆದರೆ ಡಾಲರ್‌ಗೆ 96ರಂತೆ ಕೊಡುತ್ತದೆ. ಕೈಗೆ ಬರುವುದು 19,200. ಎರಡನೆಯದು 3 ಡಾಲರ್ ಕಮಿಷನ್ ಹಿಡಿದು, ಉಳಿದ 197 ಡಾಲರ್‌ಗೆ 99.50ರಂತೆ ಕೊಡುತ್ತದೆ. ಕೈಗೆ ಬರುವುದು 19,601. ಕಮಿಷನ್ ತೆಗೆದುಕೊಂಡವರೇ 400 ಹೆಚ್ಚು ಕೊಟ್ಟರು! ಹಾಗಾಗಿ ಕಳಿಸುವವರನ್ನು ಕೇಳಬೇಕಾದ್ದು ಒಂದೇ ಪ್ರಶ್ನೆ: ಇಷ್ಟು ಕಳಿಸಿದರೆ ಅಲ್ಲಿ ಕೈಗೆ ಎಷ್ಟು ಸಿಗುತ್ತದೆ?

ತಿಂಗಳಿಗೆ 200ರಂತೆ ವರ್ಷಕ್ಕೆ 2,400 ಡಾಲರ್. ಶೇ. 6 ಹೋದರೆ 144 ಡಾಲರ್ ಹೋಯಿತು. ಶೇ. 3ರ ದಾರಿ ಸಿಕ್ಕರೆ 72 ಉಳಿಯಿತು. 72 ಡಾಲರ್ ಯಾವ ಮೂಲೆಗೆ ಅನ್ನಬೇಡಿ. ಶ್ರೀಲಂಕಾದಲ್ಲಿ ಡಿ ಮೆಲ್, ಮೆಕೆಂಜಿ ಮತ್ತು ವುಡ್ರಫ್ ಸಣ್ಣ ವ್ಯಾಪಾರಿಗಳಿಗೆ ಸುಮ್ನೆ 100 ಅಥವಾ 200 ಡಾಲರ್‌ನಷ್ಟು ಬಂಡವಾಳ ಕೊಟ್ಟು ನೋಡಿದ್ದರು. ಕೊಟ್ಟ ಬಂಡವಾಳಕ್ಕೆ ತಿಂಗಳಿಗೆ ಸುಮಾರು ಶೇ. 5ರಂತೆ ಲಾಭ ಏರಿತ್ತು. ತೀರಾ ಸಣ್ಣ ವ್ಯಾಪಾರದಲ್ಲಿ ಅಷ್ಟು ದುಡ್ಡಿಗೂ ಬೆಲೆ ಇದೆ. (ಆ ಪ್ರಯೋಗದಲ್ಲಿ ಗಂಡಸರ ವ್ಯಾಪಾರ ಮಾತ್ರ ಏರಿತ್ತು, ಹೆಂಗಸರದ್ದು ಏರಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.)

ಬ್ಯಾಂಕ್ ಖಾತೆಯಿಂದ ಖಾತೆಗೆ: ದುಬಾರಿ, ನಿಧಾನ, ಕಾಗದಪತ್ರ ಜಾಸ್ತಿ. ಆದರೆ ದಾಖಲೆಯಲ್ಲಿ ಇದನ್ನು ಮೀರಿಸುವ ದಾರಿ ಇಲ್ಲ. ಎರಡು ವರ್ಷದ ಸ್ಟೇಟ್‌ಮೆಂಟ್‌ನಲ್ಲಿ ತಿಂಗಳು ತಿಂಗಳು ಒಂದೇ ಕಡೆಯಿಂದ ದುಡ್ಡು ಬಂದದ್ದು ಕಂಡರೆ ಸಾಲ ಕೊಡುವ ಅಧಿಕಾರಿಗೆ ಅದೇ ಒಂದು ಆಧಾರ. ದೊಡ್ಡ ಮೊತ್ತವನ್ನು ಅಪರೂಪಕ್ಕೆ ಕಳಿಸುವವರಿಗೆ ಬ್ಯಾಂಕೇ ಸರಿ. ಮೊತ್ತ ದೊಡ್ಡದಾದಷ್ಟೂ ಕಮಿಷನ್‌ನ ಭಾರ ತಗ್ಗುತ್ತದೆ.

ನಗದು ಕೌಂಟರ್: ವೆಸ್ಟರ್ನ್ ಯೂನಿಯನ್, ಮನಿಗ್ರಾಂ ತರಹದ್ದು. ಖಾತೆ ಬೇಡ, ಫೋನೂ ಬೇಡ, ಗುರುತಿನ ಚೀಟಿ ಮತ್ತು ಒಂದು ನಂಬರ್ ಇದ್ದರೆ ಆಯಿತು. ವಯಸ್ಸಾದವರಿಗೆ, ನೆಟ್‌ವರ್ಕ್ ಸಿಗದ ಕಡೆ ಇರುವವರಿಗೆ ಇದು ಬೇಕೇ ಬೇಕು. ವ್ಯಾಪಾರದ ದೃಷ್ಟಿಯಲ್ಲಿ ಮಾತ್ರ ಇದು ಹಿಂದೆ. ಕೈಗೆ ಬಂದ ನಗದು ಮನೆ ಬಾಗಿಲು ಸೇರುವ ಮೊದಲೇ ಅರ್ಧ ಖಾಲಿ. ಕೊನೆಗೆ ಉಳಿಯುವುದು ಒಂದು ರಸೀದಿ, ಅದೂ ಕಳೆದುಹೋಗುತ್ತದೆ. ಇನ್ನೊಂದು ಮಾತು: ಅಮೆರಿಕದಿಂದ ನಗದು ಕಟ್ಟಿ ಕಳಿಸುವ ಹಣಕ್ಕೆ 2026ರ ಜನವರಿ 1ರಿಂದ ಶೇ. 1 ತೆರಿಗೆ ಇದೆ. ಅಲ್ಲಿನ ಬ್ಯಾಂಕ್ ಖಾತೆಯಿಂದ ಕಳಿಸಿದರೆ ಈ ತೆರಿಗೆ ಇಲ್ಲ.

ಆಪ್‌ನಿಂದ ಮೊಬೈಲ್ ವಾಲೆಟ್‌ಗೆ: ಡಿಜಿಟಲ್ ಅಂದಾಗ ಹೆಚ್ಚು ಮಾತಾಡಬೇಕಾದ್ದು ಇದರ ಬಗ್ಗೆ. ಫೋನ್ ನಂಬರಿನಲ್ಲೇ ಹಣ ಇಟ್ಟುಕೊಳ್ಳುವ, ಕಳಿಸುವ ಸೇವೆ ಇದು. ಕೀನ್ಯಾದ ಅಂಥ ಸೇವೆ ಎಂ-ಪೆಸಾ 2007ರ ಮಾರ್ಚ್‌ನಲ್ಲಿ ಶುರುವಾಯಿತು. ಪಟ್ಟಣದಲ್ಲಿ ದುಡಿಯುವವರು ಮನೆಗೆ ಹಣ ಕಳಿಸಲಿ ಅನ್ನುವುದೇ ಅದರ ಮೊದಲ ಜಾಹೀರಾತಿನ ಮಾತಾಗಿತ್ತು. ತವ್ನೀತ್ ಸೂರಿ ಮತ್ತು ವಿಲಿಯಂ ಜ್ಯಾಕ್ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, ಅದರಿಂದ ಸುಮಾರು 1,94,000 ಮನೆಗಳು ಕಡುಬಡತನದಿಂದ ಹೊರಬಂದವು. ಸುಮಾರು 1,85,000 ಹೆಂಗಸರು ಹೊಲದ ಕೆಲಸ ಬಿಟ್ಟು ವ್ಯಾಪಾರವನ್ನೇ ಮುಖ್ಯ ಕಸುಬು ಮಾಡಿಕೊಂಡರು. ಸಾಲ ಕೊಟ್ಟು ಆದದ್ದಲ್ಲ ಇದು. ದುಡ್ಡು ಬೇಗ, ಸಣ್ಣ ಸಣ್ಣ ಮೊತ್ತದಲ್ಲಿ, ನೇರವಾಗಿ ಅವರ ಫೋನಿಗೇ ಬರತೊಡಗಿತು. ಕಷ್ಟ ಬಂದಾಗ ದೂರದ ನೆಂಟರೂ ಅದೇ ದಾರಿಯಲ್ಲಿ ಕಳಿಸಿದರು. ಕೂಡಿಡಲು ಒಂದು ಜಾಗ ಸಿಕ್ಕಿತು.

ಬಾಂಗ್ಲಾದೇಶದಲ್ಲಿ ಇದನ್ನು ಪ್ರಯೋಗ ಮಾಡಿಯೇ ನೋಡಿದ್ದಾರೆ. ಗೈಬಂಧಾ ಜಿಲ್ಲೆಯಿಂದ ಢಾಕಾಕ್ಕೆ ಹೋಗಿ ದುಡಿಯುವವರಿಗೂ ಅವರ ಮನೆಯವರಿಗೂ ಬಿಕ್ಯಾಶ್ ಅನ್ನುವ ಮೊಬೈಲ್ ವಾಲೆಟ್ ಮಾಡಿಸಿ, ಬಳಸುವುದು ಹೇಗೆ ಅಂತ ಒಂದು ಗಂಟೆಗೂ ಕಡಿಮೆ ಹೊತ್ತಿನಲ್ಲಿ ಹೇಳಿಕೊಟ್ಟರು. ಅಷ್ಟಕ್ಕೇ ಮನೆಗೆ ಬರುವ ಹಣ ಶೇ. 26 ಹೆಚ್ಚಾಯಿತು. ಊರಿನ ಮನೆಗಳ ಖರ್ಚು-ವೆಚ್ಚ ಸುಧಾರಿಸಿತು. ಆದರೆ ಪಟ್ಟಣದಲ್ಲಿ ದುಡಿಯುವವರ ಆರೋಗ್ಯ, ಮನಸ್ಸು ಎರಡೂ ಸ್ವಲ್ಪ ಕೆಟ್ಟವು. ಡಿಜಿಟಲ್ ದಾರಿಯ ಗುಣಗಾನ ಮಾಡುವವರು ಈ ಕೊನೆಯ ಸಾಲನ್ನು ಬಿಟ್ಟುಬಿಡುತ್ತಾರೆ. ಕಳಿಸುವುದು ಸುಲಭವಾದರೆ ಕೇಳುವುದೂ ಸುಲಭವಾಗುತ್ತದೆ. ವ್ಯಾಪಾರಕ್ಕೆ ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತ ಕೇಳುವ ಮುಂಚೆ ಆ ಕಡೆ ದುಡಿಯುವವರು ಎಷ್ಟು ಓವರ್‌ಟೈಮ್ ಎಳೆಯುತ್ತಿದ್ದಾರೆ ಅಂತ ಒಮ್ಮೆ ವಿಚಾರಿಸಿ.

ವಾಲೆಟ್‌ನ ತೊಡಕು ಹಣ ಬರುವಾಗ ಕಾಣುವುದಿಲ್ಲ, ತೆಗೆಯುವಾಗ ಕಾಣುತ್ತದೆ. ಫೋನ್ ಟಿಣ್ ಅಂತು, ದುಡ್ಡು ಬಂತು. ವಾಲೆಟ್‌ನ ದುಡ್ಡನ್ನು ನಗದು ಮಾಡಿಕೊಡುವ ಏಜೆಂಟ್ ಅಂಗಡಿಗೆ ಹೋದರೆ ಅವನ ಗಲ್ಲೆಯಲ್ಲಿ ನಗದು ಇಲ್ಲ, ಸಂಜೆ ಬನ್ನಿ ಅನ್ನುತ್ತಾನೆ. ಸಂಜೆ ಹೋದರೆ ಅರ್ಧ ಇದೆ. ಸರಕು ತರುವ ದಿನ ಹೀಗಾದರೆ ವ್ಯಾಪಾರ ಒಂದು ದಿನ ಹಿಂದೆ. ಅದಕ್ಕೇ ವಾಲೆಟ್ ಆರಿಸುವಾಗ ಆಪ್ ಚೆನ್ನಾಗಿದೆಯಾ ಅಂತ ನೋಡುವುದಕ್ಕಿಂತ ಎರಡು ವಿಷಯ ನೋಡಿ. ಹತ್ತಿರದಲ್ಲಿ ಒಬ್ಬರಿಗಿಂತ ಹೆಚ್ಚು ಏಜೆಂಟರು ಇದ್ದಾರಾ? ನಿಮಗೆ ಸರಕು ಕೊಡುವವರು ಅದೇ ವಾಲೆಟ್‌ನಲ್ಲಿ ದುಡ್ಡು ತೆಗೆದುಕೊಳ್ಳುತ್ತಾರಾ? ತೆಗೆದುಕೊಂಡರೆ ನಗದಿನ ಗೊಡವೆಯೇ ಇಲ್ಲ, ತೆಗೆಯುವ ಶುಲ್ಕವೂ ಉಳಿಯುತ್ತದೆ. ವಾಲೆಟ್‌ಗೆ ದಿನಕ್ಕಿಷ್ಟು, ತಿಂಗಳಿಗಿಷ್ಟು ಅಂತ ಮಿತಿ ಇರುತ್ತದೆ. ಅದನ್ನೂ ಮೊದಲೇ ಕೇಳಿಕೊಳ್ಳಿ.

ಹುಂಡಿ, ಹವಾಲಾ: ಬ್ಯಾಂಕಿನ ಹೊರಗೆ, ದಲ್ಲಾಳಿಗಳ ನಂಬಿಕೆಯ ಮೇಲೆ ಹಣ ದಾಟಿಸುವ ದಾರಿ. ದರ ಚೆನ್ನಾಗಿ ಸಿಗುತ್ತದೆ, ಮನೆಗೇ ತಂದುಕೊಡುತ್ತಾರೆ, ಕಾಗದ ಕೇಳುವುದಿಲ್ಲ. ಜನ ಯಾಕೆ ಬಳಸುತ್ತಾರೆ ಅಂತ ಗೊತ್ತಾಗುತ್ತದೆ. ಆದರೆ ಬಹಳಷ್ಟು ದೇಶಗಳಲ್ಲಿ ಇದು ಕಾನೂನುಬಾಹಿರ. ದುಡ್ಡು ಮುಳುಗಿದರೆ ದೂರು ಕೊಡಲು ಜಾಗವಿಲ್ಲ. ಹತ್ತು ವರ್ಷ ತರಿಸಿದರೂ ಬ್ಯಾಂಕಿನ ಕಣ್ಣಿಗೆ ನೀವು ಆದಾಯವೇ ಇಲ್ಲದವರು. ಬಾಂಗ್ಲಾದೇಶ ಸರ್ಕಾರ ಜನರನ್ನು ಹುಂಡಿಯಿಂದ ಬಿಡಿಸಲೆಂದೇ 2019ರಿಂದ ಸರಿಯಾದ ದಾರಿಯಲ್ಲಿ ಬಂದ ಹಣಕ್ಕೆ ಶೇ. 2 ಸೇರಿಸಿ ಕೊಡತೊಡಗಿತು. 2022ರಲ್ಲಿ ಅದನ್ನು ಶೇ. 2.5 ಮಾಡಿತು. ಇಂಥ ಪ್ರೋತ್ಸಾಹ ಇರುವ ಕಡೆ ಹುಂಡಿಯ 'ಒಳ್ಳೆ ದರ' ಲೆಕ್ಕಕ್ಕೇ ನಿಲ್ಲುವುದಿಲ್ಲ.

ಸೊಮಾಲಿಯಾದ ಮಾತು ಬೇರೆ. ಅಲ್ಲಿ ಬ್ಯಾಂಕ್‌ಗಳೇ ಇಲ್ಲದಂತಾಗಿದ್ದಾಗ ದಹಬ್‌ಶೀಲ್‌ನಂಥ ಹಣ ರವಾನೆ ಕಂಪನಿಗಳೇ ಮನೆಗಳನ್ನು ಸಾಕಿದವು. 2013ರಲ್ಲಿ ಬ್ರಿಟನ್‌ನ ಬಾರ್ಕ್ಲೇಸ್ ಬ್ಯಾಂಕ್ ಅಂಥ ಕಂಪನಿಗಳ ಖಾತೆ ಮುಚ್ಚಲು ಹೊರಟಾಗ ದೊಡ್ಡ ಗಲಾಟೆಯೇ ಆಯಿತು. ಅಂದರೆ ಒಂದೇ ದಾರಿಯನ್ನು ನೆಚ್ಚಿಕೊಂಡರೆ, ಆ ದಾರಿ ಎಲ್ಲೋ ದೂರದ ಯಾರದೋ ತೀರ್ಮಾನದಿಂದ ಮುಚ್ಚಬಹುದು. ಇನ್ನೊಂದು ದಾರಿ ಗೊತ್ತಿರಲಿ.

ಕ್ರಿಪ್ಟೊ: ಎಲ್ ಸಾಲ್ವಡಾರ್ 2021ರ ಸೆಪ್ಟೆಂಬರ್‌ನಲ್ಲಿ ಬಿಟ್‌ಕಾಯಿನ್ ಅನ್ನು ಅಧಿಕೃತ ಕರೆನ್ಸಿ ಮಾಡಿತು. ಹೊರಗಿನಿಂದ ಬರುವ ಹಣದ ಖರ್ಚು ಉಳಿಯುತ್ತದೆ ಅನ್ನುವುದು ಕೊಟ್ಟ ಕಾರಣಗಳಲ್ಲಿ ಒಂದು. ಆದರೆ ಬರುವ ಹಣದಲ್ಲಿ ಕ್ರಿಪ್ಟೊದ ಪಾಲು ತೀರಾ ಸಣ್ಣದಾಗಿಯೇ ಉಳಿಯಿತು. 2025ರ ಜನವರಿಯಲ್ಲಿ ಅಲ್ಲಿನ ಸಂಸತ್ತು ಕಾನೂನು ತಿದ್ದಿ, ವ್ಯಾಪಾರಿಗಳು ಅದನ್ನು ತೆಗೆದುಕೊಳ್ಳಲೇಬೇಕು ಅನ್ನುವ ಕಟ್ಟಳೆಯನ್ನು ಕೈಬಿಟ್ಟಿತು. ಡಾಲರ್ ಬೆಲೆಗೆ ಕಟ್ಟಿಹಾಕಿದ ಸ್ಟೇಬಲ್‌ಕಾಯಿನ್‌ಗಳಲ್ಲಿ ಏರಿಳಿತ ಕಡಿಮೆ, ನಿಜ. ಆದರೂ ಕೊನೆಗೆ ಅದನ್ನು ಸ್ಥಳೀಯ ಹಣ ಮಾಡಿಕೊಳ್ಳುವ ಕಡೆ ಖರ್ಚು, ಮೋಸ, ಕಾನೂನು ಮೂರೂ ಕಾಯುತ್ತಿರುತ್ತವೆ. ಬಂಡವಾಳದ ದುಡ್ಡನ್ನು ಇದರಲ್ಲಿ ತರಿಸಿ ಅಂತ ನಾನಂತೂ ಹೇಳುವುದಿಲ್ಲ.

ಯಾರ ಖಾತೆ, ಯಾರ ಕೈಯಲ್ಲಿ ಫೋನ್

ನನ್ನ ಪ್ರಕಾರ ಇಡೀ ಲೆಕ್ಕಾಚಾರದಲ್ಲಿ ಮುಖ್ಯವಾದ ಆಯ್ಕೆ ಇದು. ಜನ ಯೋಚಿಸುವುದು ಮಾತ್ರ ಕಡಿಮೆ. ಕಳಿಸುವ ಆಪ್ ಬಗ್ಗೆ ವಾರಗಟ್ಟಲೆ ಚರ್ಚೆ ಮಾಡಿ, ಖಾತೆ ಮಾತ್ರ ಮನೆಯ ಹಿರಿಯರ ಹೆಸರಲ್ಲಿರಲಿ ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ.

ಮೂರು ಆಯ್ಕೆಗಳಿವೆ. ಮನೆಗೆಲ್ಲ ಒಂದೇ ಖಾತೆ. ವ್ಯಾಪಾರ ಮಾಡುವವರ ಹೆಸರಲ್ಲಿ ಬೇರೆ ಖಾತೆ. ಇಲ್ಲವೇ ಹೊರದೇಶದಲ್ಲಿರುವವರೇ ತಮ್ಮ ಹೆಸರಲ್ಲಿ ಇಲ್ಲಿ ತೆರೆಯುವ ಖಾತೆ.

ಒಂದೇ ಖಾತೆಯಲ್ಲಿ ಖರ್ಚಿನ ದುಡ್ಡು, ಬಂಡವಾಳದ ದುಡ್ಡು ಎರಡೂ ಬಂದು ಬಿದ್ದರೆ ಬಂಡವಾಳ ಉಳಿಯುವುದಿಲ್ಲ. ಯಾರದ್ದೋ ಮದುವೆ, ಯಾರಿಗೋ ಕೈಗಡ. ಕೊಡಲ್ಲ ಅನ್ನುವುದು ಹೇಗೆ? ಖಾತೆಯಲ್ಲಿ ಇರುವುದು ಎಲ್ಲರಿಗೂ ಗೊತ್ತಲ್ಲ!

ಉಗಾಂಡಾದಲ್ಲಿ ಎಮ್ಮಾ ರೈಲಿ ಮಾಡಿದ ಪ್ರಯೋಗ ಇಲ್ಲಿ ಕಣ್ಣು ತೆರೆಸುತ್ತದೆ. ಬಡವರಿಗೆ ಸಣ್ಣ ಸಾಲ ಕೊಡುವ ಬ್ರ್ಯಾಕ್ ಸಂಸ್ಥೆಯಿಂದ ವ್ಯಾಪಾರಕ್ಕೆ ಸಾಲ ಪಡೆಯುವ ಹೆಂಗಸರಲ್ಲಿ ಕೆಲವರಿಗೆ ಎಂದಿನಂತೆ ನಗದು ಕೊಟ್ಟರು. ಇನ್ನು ಕೆಲವರಿಗೆ ಅದೇ ಸಾಲವನ್ನು ಅವರದೇ ಹೆಸರಿನ ಪ್ರತ್ಯೇಕ ಮೊಬೈಲ್ ಖಾತೆಗೆ ಹಾಕಿದರು. ಮೊತ್ತ, ಬಡ್ಡಿ ಯಾವುದೂ ಬದಲಾಗಲಿಲ್ಲ. ಎಂಟು ತಿಂಗಳು ಕಳೆದ ಮೇಲೆ ನೋಡಿದರೆ ಫೋನಿಗೆ ಪಡೆದವರ ವ್ಯಾಪಾರದ ಲಾಭ ಶೇ. 15 ಹೆಚ್ಚಿತ್ತು, ಬಂಡವಾಳ ಶೇ. 11 ಹೆಚ್ಚಿತ್ತು. ಮನೆಯವರು ದುಡ್ಡು ಕೇಳಿ ಪೀಡಿಸುತ್ತಿದ್ದ ಹೆಂಗಸರಿಗೇ ಇದರ ಉಪಯೋಗ ಹೆಚ್ಚು ಆಗಿತ್ತು. ಶ್ರೀಲಂಕಾದಲ್ಲಿ ಹೆಂಗಸರ ವ್ಯಾಪಾರ ಏರದೆ ಇದ್ದದ್ದಕ್ಕೂ ಇದಕ್ಕೂ ನಂಟಿದೆ. ಆಮೇಲೆ ಅಂಥ ಪ್ರಯೋಗಗಳ ಲೆಕ್ಕವನ್ನು ಮತ್ತೆ ಬಿಡಿಸಿ ನೋಡಿದವರಿಗೆ ಕಂಡದ್ದು, ಹೆಂಗಸರಿಗೆ ಕೊಟ್ಟ ದುಡ್ಡು ಎಷ್ಟೋ ಸಲ ಗಂಡನ ವ್ಯಾಪಾರಕ್ಕೆ ಹೋಗಿತ್ತು ಅನ್ನುವುದು.

ಹಾಗಾಗಿ ವ್ಯಾಪಾರ ಮಾಡುವುದು ಹೆಂಡತಿಯಾದರೆ ಖಾತೆ ಹೆಂಡತಿಯ ಹೆಸರಲ್ಲಿರಲಿ. ಸಿಮ್ ಕೂಡ ಅವರದೇ ಇರಲಿ. ಪಿನ್ ಅವರಿಗೆ ಮಾತ್ರ ಗೊತ್ತಿರಲಿ. ಖಾತೆ ಹೆಂಡತಿಯದು, ಫೋನ್ ಮೈದುನನ ಜೇಬಲ್ಲಿ ಅಂದರೆ ಉಗಾಂಡಾದ ಲಾಭ ನಿಮಗೆ ಸಿಗುವುದಿಲ್ಲ. ಏಜೆಂಟನ ಕೈಗೆ ಫೋನ್ ಕೊಟ್ಟು 'ನೀವೇ ಒತ್ತಿಬಿಡಿ' ಅನ್ನುವ ಅಭ್ಯಾಸವನ್ನೂ ಮೊದಲ ದಿನವೇ ಬಿಡಬೇಕು.

ಕಳಿಸುವವರೇ ಖಾತೆ ಇಟ್ಟುಕೊಳ್ಳುವುದು ಹೇಗೆ? ವಾಷಿಂಗ್ಟನ್‌ನಲ್ಲಿ ದುಡಿಯುವ ಎಲ್ ಸಾಲ್ವಡಾರ್‌ನವರಿಗೆ ತಮ್ಮ ದೇಶದ ಬ್ಯಾಂಕಿನಲ್ಲಿ ಉಳಿತಾಯ ಖಾತೆ ಮಾಡಿಸಿಕೊಟ್ಟ ಪ್ರಯೋಗ ಒಂದಿದೆ. ಖಾತೆಯ ಮೇಲೆ ಕಳಿಸುವವರಿಗೆ ಹಿಡಿತ ಹೆಚ್ಚಿದ್ದಷ್ಟೂ ಉಳಿತಾಯ ಹೆಚ್ಚಾಯಿತು. ಈಗ ಇಂಥ ಖಾತೆಯನ್ನು ದೂರದಿಂದಲೇ ತೆರೆಯಬಹುದು. ಪಾಕಿಸ್ತಾನ 2020ರ ಸೆಪ್ಟೆಂಬರ್‌ನಲ್ಲಿ ಶುರು ಮಾಡಿದ ರೋಶನ್ ಡಿಜಿಟಲ್ ಖಾತೆ ಅಂಥದ್ದೇ. ವ್ಯಾಪಾರ ಶುರುವಾಗುವ ಮುಂಚೆ ಗಂಟು ಕೂಡಿಸುವಾಗ ಕಳಿಸುವವರ ಖಾತೆ ಒಳ್ಳೆಯದು. ವ್ಯಾಪಾರ ಶುರುವಾದ ಮೇಲೆ ನಡೆಸುವವರ ಖಾತೆಯೇ ಬೇಕು. ಪ್ರತಿ ಖರೀದಿಗೂ ದೂರದವರ ಒಪ್ಪಿಗೆ ಕಾಯುತ್ತಾ ಕೂತರೆ ವ್ಯಾಪಾರ ನಡೆಯುವುದಿಲ್ಲ.

ಕೂಡಿಸಿ ಹಾಕುವುದಾ, ಸಾಲ ಎತ್ತುವುದಾ

ಕೂಡಿಸಿ ಹಾಕಿದರೆ ಬಡ್ಡಿ ಇಲ್ಲ, ನಿದ್ದೆ ಚೆನ್ನಾಗಿ ಬರುತ್ತದೆ. ಆದರೆ ವರ್ಷಗಳು ಹಿಡಿಯುತ್ತವೆ. ಅಷ್ಟರಲ್ಲಿ ಯಂತ್ರದ ಬೆಲೆ ಏರಿರುತ್ತದೆ. ಬರುವ ಹಣದ ದಾಖಲೆ ತೋರಿಸಿ ಬ್ಯಾಂಕ್ ಸಾಲ ಪಡೆದರೆ ಬೇಗ ಆಗುತ್ತದೆ, ಬಡ್ಡಿ ಸುಮಾರಾಗಿ ಇರುತ್ತದೆ, ಅಲೆದಾಟ ಇದ್ದೇ ಇದೆ. ಮೂರನೆಯದು ಫೋನಿನಲ್ಲೇ ಸಿಗುವ ಸಾಲ. ಅದರಲ್ಲಿ ಅಲೆದಾಟ ಇಲ್ಲ. ಜಾಗ್ರತೆ ಬೇಕಾದ್ದೂ ಅಲ್ಲೇ.

ಕೀನ್ಯಾದಲ್ಲಿ 2012ರ ಕೊನೆಗೆ ಶುರುವಾದ ಎಂ-ಶ್ವಾರಿ ಇದಕ್ಕೆ ಮಾದರಿ. ಫೋನ್ ಬಳಕೆ, ವಾಲೆಟ್‌ನ ಓಡಾಟ ನೋಡಿ ನಿಮಿಷಗಳಲ್ಲಿ ಸಾಲ. 30 ದಿನಕ್ಕೆ ಶೇ. 7.5 ಶುಲ್ಕ. ಕೇಳಲು ಕಡಿಮೆ ಅನ್ನಿಸುತ್ತದೆ. ಅದೇ ಸಾಲವನ್ನು ತಿಂಗಳು ತಿಂಗಳು ಮತ್ತೆ ಮತ್ತೆ ತೆಗೆದುಕೊಂಡರೆ ವರ್ಷಕ್ಕೆ ಶೇ. 90 ಆಯಿತು! ವಾರದೊಳಗೆ ಮಾರಿ ಮುಗಿಯುವ ಸರಕಿಗೆ, ಲಾಭ ಶೇ. 15-20 ಇದ್ದರೆ, ಅಪರೂಪಕ್ಕೊಮ್ಮೆ ಇದು ಪರವಾಗಿಲ್ಲ. ಹೊಲಿಗೆ ಯಂತ್ರ, ಫ್ರಿಜ್, ಗಾಡಿ ಕೊಳ್ಳಲು ಈ ಸಾಲ ಖಂಡಿತ ಬೇಡ. ಇಂಥ ಆಪ್‌ಗಳು ಹೆಚ್ಚಿದಂತೆ ಸಣ್ಣ ಪುಟ್ಟ ಬಾಕಿಗೂ ಜನರ ಹೆಸರು ಕೆಟ್ಟ ಸಾಲಗಾರರ ಪಟ್ಟಿ ಸೇರತೊಡಗಿತು. ಕೀನ್ಯಾದ ಕೇಂದ್ರ ಬ್ಯಾಂಕ್ 2020ರಲ್ಲಿ ನಿಯಂತ್ರಣವಿಲ್ಲದ ಆಪ್‌ಗಳಿಗೆ ಆ ಪಟ್ಟಿಗೆ ಹೆಸರು ಸೇರಿಸುವ ಅವಕಾಶ ತಪ್ಪಿಸಿತು. 2022ರಲ್ಲಿ ಪರವಾನಗಿ ಕಡ್ಡಾಯವಾಯಿತು. ನಿಮ್ಮ ದೇಶದಲ್ಲೂ ಪರವಾನಗಿ ಪಡೆದವರ ಪಟ್ಟಿ ಕೇಂದ್ರ ಬ್ಯಾಂಕಿನ ಬಳಿ ಇದೆಯಾ ನೋಡಿ. ಪಟ್ಟಿಯಲ್ಲಿ ಇಲ್ಲದ ಆಪ್‌ಗೆ ಫೋನಿನ ಹೆಸರು-ನಂಬರ್ ನೋಡುವ ಅನುಮತಿ ಕೊಡಬೇಡಿ.

ಸಾಲ ಎತ್ತುವ ಮುಂಚೆ ಇನ್ನೊಂದು ಪ್ರಶ್ನೆ. ಹೊರಗಿನ ದುಡ್ಡು ನಿಂತರೆ ಕಂತು ಯಾರು ಕಟ್ಟುತ್ತಾರೆ? 2020ರ ಏಪ್ರಿಲ್‌ನಲ್ಲಿ ವಿಶ್ವಬ್ಯಾಂಕ್ ಆ ವರ್ಷ ವಲಸಿಗರ ಹಣ ಶೇ. 20 ಇಳಿಯಬಹುದು ಅಂದಿತ್ತು. ಕೊನೆಗೆ ಇಳಿದದ್ದು ಶೇ. 2ಕ್ಕಿಂತ ಕಡಿಮೆ. ಒಟ್ಟು ಲೆಕ್ಕದಲ್ಲಿ ಈ ದುಡ್ಡು ಗಟ್ಟಿ. ಆದರೆ ನಿಮ್ಮ ಮನೆಗೆ ಒಟ್ಟು ಲೆಕ್ಕ ಬರುವುದಿಲ್ಲ, ಒಬ್ಬರ ಸಂಬಳ ಬರುತ್ತದೆ. ವೀಸಾ ಮುಗಿದರೆ, ಕೆಲಸ ಹೋದರೆ ಅದು ಸೊನ್ನೆ. ವ್ಯಾಪಾರದ ಆದಾಯದಿಂದಲೇ ಕಂತಿನ ಬಹುಪಾಲು ಹುಟ್ಟುವಂತಿದ್ದರೆ ಮಾತ್ರ ಸಾಲ ಎತ್ತಿ.

ವ್ಯಾಪಾರದೊಳಗಿನ ಡಿಜಿಟಲ್

ಇಲ್ಲಿ ಹೆಚ್ಚು ಹೇಳುವುದಿಲ್ಲ. ಗಿರಾಕಿಗಳಿಂದ ಫೋನಿನಲ್ಲಿ ಹಣ ಪಡೆದರೆ ವ್ಯಾಪಾರದ ದಾಖಲೆ ತಾನೇ ಬೆಳೆಯುತ್ತದೆ. ಹೊರಗಿನ ಹಣದ ದಾಖಲೆಯ ಜೊತೆ ಇದೂ ಸೇರಿದರೆ ಬ್ಯಾಂಕಿನ ಮುಂದೆ ನಿಮ್ಮ ತೂಕ ಹೆಚ್ಚುತ್ತದೆ. ತೆರಿಗೆಯವರ ಕಣ್ಣಿಗೂ ಬೀಳುತ್ತೀರಿ, ಅದೂ ಗೊತ್ತಿರಲಿ. ಆನ್‌ಲೈನ್ ಮಾರಾಟದ ತಾಣಕ್ಕೆ ಸೇರುವ ಮೊದಲು ಅವರ ಕಮಿಷನ್, ವಾಪಸ್ ಬಂದ ಸರಕಿನ ಖರ್ಚು ಎರಡನ್ನೂ ಲೆಕ್ಕ ಹಾಕಿ. ಹೊರದೇಶದಲ್ಲಿರುವವರು ದುಡ್ಡಷ್ಟೇ ಅಲ್ಲ, ಗಿರಾಕಿಗಳನ್ನೂ ಹುಡುಕಿಕೊಡಬಲ್ಲರು. ಅಲ್ಲಿ ಯಾವ ಸರಕಿಗೆ ಬೇಡಿಕೆ ಇದೆ, ಇಲ್ಲಿ ಸಿಗದ ಯಂತ್ರ ಅಲ್ಲಿ ಎಷ್ಟಕ್ಕೆ ಸಿಗುತ್ತದೆ ಅನ್ನುವುದು ವಿಡಿಯೊ ಕಾಲ್‌ನಲ್ಲೇ ಗೊತ್ತಾಗುತ್ತದೆ. ಅದರ ಬೆಲೆ ಕಡಿಮೆಯೇನಲ್ಲ.

ಸರ್ಕಾರದ ಬಾಂಡ್‌ಗಳ ಕಥೆ

ವಲಸಿಗರ ಉಳಿತಾಯವನ್ನು ಸರ್ಕಾರಗಳೂ ಕೇಳುತ್ತವೆ, ಬಾಂಡ್ ಅಂದರೆ ಬಡ್ಡಿ ಕೊಡುವ ಸಾಲಪತ್ರ ಮಾರಿ. ಇಸ್ರೇಲ್ 1951ರಿಂದ ಇಂಥ ಬಾಂಡ್ ಮಾರುತ್ತಿದೆ. ಭಾರತ 1998ರಲ್ಲಿ ರಿಸರ್ಜೆಂಟ್ ಇಂಡಿಯಾ ಬಾಂಡ್‌ಗಳಿಂದ 420 ಕೋಟಿ ಡಾಲರ್ ಎತ್ತಿತು. ನೈಜೀರಿಯಾ 2017ರಲ್ಲಿ 30 ಕೋಟಿ ಡಾಲರ್ ಎತ್ತಿತು. ಇಥಿಯೋಪಿಯಾ 2008ರಲ್ಲಿ ವಿದ್ಯುತ್ ಕಂಪನಿಗಾಗಿ ಹೊರಡಿಸಿದ ಬಾಂಡ್‌ಗೆ ಜನ ಬರಲಿಲ್ಲ. ನಿಮ್ಮ ಮನೆಯ ವ್ಯಾಪಾರಕ್ಕೆ ಇದು ಬದಲಿ ಅಲ್ಲ. ವ್ಯಾಪಾರ ನಡೆಸುವವರು ಮನೆಯಲ್ಲಿ ಯಾರೂ ಇಲ್ಲದಿದ್ದರೆ ಯೋಚಿಸಬಹುದು, ಅಷ್ಟೇ.

ಹಾಗಾದರೆ ಯಾರಿಗೆ ಯಾವುದು?

ತಿಂಗಳು ತಿಂಗಳು ಸಣ್ಣ ಮೊತ್ತ ಬರುತ್ತದೆ, ಚಿಲ್ಲರೆ ವ್ಯಾಪಾರದ ಯೋಚನೆ ಇದೆ, ಸುತ್ತ ಏಜೆಂಟರು ಇದ್ದಾರೆ ಅಂದರೆ ಮೊಬೈಲ್ ವಾಲೆಟ್, ವ್ಯಾಪಾರ ಮಾಡುವವರ ಹೆಸರಲ್ಲೇ. ಮನೆ ಖರ್ಚಿಗೆ ಬೇರೆ ನಂಬರ್‌ಗೆ ತರಿಸಿ. ಯಂತ್ರ, ಗಾಡಿ ಕೊಳ್ಳುವ ಉದ್ದೇಶವಿದ್ದರೆ ಬ್ಯಾಂಕ್ ಖಾತೆಗೇ ತರಿಸಿ. ಆಪ್‌ನಿಂದ ನೇರ ಬ್ಯಾಂಕ್ ಖಾತೆಗೆ ಬರುವ ದಾರಿ ಇದ್ದರೆ ಅದೇ ಒಳ್ಳೆಯದು, ಅಗ್ಗವೂ ಹೌದು, ದಾಖಲೆಯೂ ಉಳಿಯಿತು. ಒಂದು ವರ್ಷವಾದರೂ ತಪ್ಪದೆ ಬಂದ ಮೇಲೆ ಸಾಲಕ್ಕೆ ಹೋಗಿ. ಮನೆಯಲ್ಲಿ ವ್ಯಾಪಾರ ಯಾರು ನಡೆಸುತ್ತಾರೆ ಅನ್ನುವುದೇ ಇನ್ನೂ ತೀರ್ಮಾನವಾಗಿಲ್ಲ ಅಂದರೆ ಕಳಿಸುವವರ ಹೆಸರಲ್ಲೇ ಕೂಡಿಡಿ. ಅವಸರ ಬೇಡ.

ಯಾವ ದಾರಿ ಹಿಡಿದರೂ ಮೊದಲ ಸಲ ಸಣ್ಣ ಮೊತ್ತ ಕಳಿಸಿ, ಕೈಗೆ ಎಷ್ಟು ಬಂತು, ಎಷ್ಟು ಹೊತ್ತಿಗೆ ಬಂತು ಅಂತ ಬರೆದಿಡಿ. ಜೊತೆಗೆ ಕಳಿಸುವವರು, ನಡೆಸುವವರು ಇಬ್ಬರೂ ಒಂದು ಮಾತಿಗೆ ಬನ್ನಿ. ಇದು ಸಾಲವಾ, ಪಾಲಾ, ಉಡುಗೊರೆಯಾ? ನಡೆಸುವವರಿಗೆ ಸಂಬಳ ಎಷ್ಟು? ನಷ್ಟವಾದರೆ ಯಾರದ್ದು? ದುಡಿಯುವವರು ವಾಪಸ್ ಬಂದು ಅಂಗಡಿಯಲ್ಲಿ ಕೂರುತ್ತೇನೆ ಅಂದರೆ ಆಗ ಏನು? ಅಣ್ಣ-ತಮ್ಮಂದಿರ ನಡುವೆ ಇದನ್ನೆಲ್ಲ ಕೇಳುವುದು ಮುಜುಗರ ಅನ್ನಿಸಬಹುದು. ವಕೀಲರ ಹತ್ತಿರ ಹೋಗಲೇಬೇಕು ಅಂತಿಲ್ಲ. ಇಬ್ಬರೂ ಒಪ್ಪಿದ್ದನ್ನು ಒಂದು ಮೆಸೇಜಿನಲ್ಲಿ ಬರೆದು ಕಳಿಸಿ, ಆ ಕಡೆಯಿಂದ 'ಸರಿ' ಅಂತ ಬರೆಸಿಕೊಂಡು, ಅದನ್ನು ಅಳಿಸದೆ ಇಟ್ಟುಕೊಳ್ಳಿ.